ಕೂದಲೆಳೆಯ ಕಾಲು ಪಾಲು: ಮೆಷಿನಿಸ್ಟನ ಕಸಬಿಗೆ ಮೊದಲ ಹೆಜ್ಜೆ

ಸುಗ್ಗಿಯ ಕಾಲ. ರಾಯಚೂರು ಜಿಲ್ಲೆಯ ದೇವದುರ್ಗ, ಮಾನ್ವಿ ಸೀಮೆಯಲ್ಲಿ ಕಾಲುವೆಯ ನೀರಿನಿಂದ ಬೆಳೆದ ಭತ್ತವು ಗಿರಣಿಯ ಅಂಗಳದಲ್ಲಿ ರಾಶಿ ಬಿದ್ದಿದೆ. ಅಂಥ ಹೊತ್ತಿನಲ್ಲಿಯೇ ಗಿರಣಿಯ ಒಂದು ಷಾಫ್ಟು ಕೆಟ್ಟಿತೆಂದು ಭಾವಿಸೋಣ. ಬೇರಿಂಗು ಕುಳಿತುಕೊಳ್ಳುವ ಸ್ಥಳವು ಸವೆದು, ಷಾಫ್ಟು ಗಡಗಡನೆ ಅದುರುತ್ತದೆ, ಗಿರಣಿ ನಿಲ್ಲುತ್ತದೆ. ಮಾಲೀಕನು ಅದನ್ನು ಬಿಚ್ಚಿಸಿ ಪಟ್ಟಣದ ಲೇತ್ ಅಂಗಡಿಗೆ ಒಯ್ಯುವನು. ಅಲ್ಲಿಯವನು ಸವೆದ ಭಾಗಕ್ಕೆ ವೆಲ್ಡಿಂಗಿನಿಂದ ಲೋಹವನ್ನು ತುಂಬಿ, ಲೇತಿಗೆ ಕಟ್ಟಿ, ಕಡೆದು, ಮೊದಲಿನ ಅಳತೆಗೆ ತರುವನು. ನೋಡುವವರಿಗೆ ಇದು ಒಂದೆರಡು ಗಂಟೆಗಳ ಸಾಮಾನ್ಯ ಕೆಲಸ. ಆದರೆ 'ಮೊದಲಿನ ಅಳತೆ' ಎಂಬ ಎರಡು ಮಾತುಗಳಲ್ಲಿಯೇ ಆ ಕಸಬಿನ ಗುಟ್ಟೆಲ್ಲವೂ ಅಡಗಿದೆ.

ಬೇರಿಂಗಿನ ಒಳಬಳೆಯ ವ್ಯಾಸವು 50 ಮಿಲಿಮೀಟರ್ ಆದರೆ ಷಾಫ್ಟಿನ ವ್ಯಾಸವೂ 50 ಮಿ.ಮೀ. ಇದ್ದರಾಯಿತೆಂದು ನಮ್ಮ ವಾಚಕರಿಗೆ ತೋರಬಹುದು. ಸರಿಯಾಗಿ 50 ಮಿ.ಮೀ. ಇರುವ ಷಾಫ್ಟನ್ನು ಈವರೆಗೆ ಯಾರೂ ಮಾಡಿಲ್ಲ. ಮುಂದೆ ಮಾಡುವಂತೆಯೂ ಇಲ್ಲ. ಎಷ್ಟು ಎಚ್ಚರಿಕೆಯಿಂದ ಕಡೆದರೂ ಕೊಂಚ ಹೆಚ್ಚು ಕಡಮೆ ಇದ್ದೇ ಇರುವುದು. ಆದುದರಿಂದ ನಕ್ಷೆ ಬರೆಯುವ ಎಂಜಿನಿಯರು ಒಂದೇ ಅಂಕೆಯನ್ನು ಕೊಡದೆ ಎರಡು ಎಲ್ಲೆಗಳನ್ನು ಕೊಡುತ್ತಾನೆ. ಇಂಥ ಷಾಫ್ಟಿಗೆ ನಕ್ಷೆಯಲ್ಲಿ '50 ಕೆ6' ಎಂಬ ಸಂಕೇತವಿರುವುದುಂಟು. ವ್ಯಾಸವು 50.002 ಮಿ.ಮೀ.ಗಿಂತ ಕಡಮೆಯಾಗಕೂಡದು, 50.018 ಮಿ.ಮೀ.ಯನ್ನು ಮೀರಕೂಡದು ಎಂದು ಅದರ ಅರ್ಥ. ನಡುವಣ ಅಂತರ 16 ಮೈಕ್ರಾನ್. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಮನುಷ್ಯನ ತಲೆಗೂದಲಿನ ದಪ್ಪವು ಸುಮಾರು 70 ಮೈಕ್ರಾನ್. ಬಡಿಗರು ಎಣಿಸುವ 'ಸೂತ್', ಅಂದರೆ ಅಂಗುಲದ ಎಂಟನೆಯ ಒಂದು ಭಾಗವು, ಈ ಅಂತರದ ಸುಮಾರು ಇನ್ನೂರರಷ್ಟಾಗುತ್ತದೆ.

ಇಷ್ಟು ಬಿಗಿ ಏತಕ್ಕೆ? ಷಾಫ್ಟು ಸಣ್ಣದಾದರೆ ಒಳಬಳೆಯು ಅದರೊಡನೆ ತಿರುಗದೆ ಅದರ ಮೇಲೆ ಜಾರುತ್ತದೆ. ಜಾರಿದಷ್ಟೂ ಷಾಫ್ಟು ಸವೆಯುತ್ತದೆ. ತಿಂಗಳೊಳಗೆ ಅದೇ ಷಾಫ್ಟು ಅದೇ ಅಂಗಡಿಗೆ ಮರಳಿ ಬಂದರೂ ಆಶ್ಚರ್ಯವಿಲ್ಲ. ದೊಡ್ಡದಾದರೆ ಒಳಬಳೆಯು ಹಿಗ್ಗಿ, ಗುಂಡುಗಳು ಸಲೀಸಾಗಿ ಉರುಳಲು ಬಿಟ್ಟಿದ್ದ ಸೂಕ್ಷ್ಮವಾದ ಎಡೆಯು ಇಲ್ಲದಾಗುತ್ತದೆ. ಬೇರಿಂಗು ಕಾಯ್ದು ಹಾಳಾಗುತ್ತದೆ.

ಇನ್ನೊಂದು ಸಂಗತಿಯನ್ನು ರಾಯಚೂರಿನವರು ಎಲ್ಲರಿಗಿಂತ ಚೆನ್ನಾಗಿ ಬಲ್ಲರು: ಬಿಸಿಲು. ಉದ್ದಳತೆಗಳಿಗೆ ಜಗತ್ತೆಲ್ಲವೂ ಒಪ್ಪಿಕೊಂಡಿರುವ ಉಷ್ಣತೆಯು 20 ಡಿಗ್ರಿ ಸೆಲ್ಸಿಯಸ್. ರಾಯಚೂರಿನ ಬೇಸಗೆಯಲ್ಲಿ ಅದು 40 ಡಿಗ್ರಿಯನ್ನು ದಾಟುವುದು ಅಪರೂಪವಲ್ಲ. ಷಾಫ್ಟೂ, ಬೇರಿಂಗೂ, ಅಳೆಯುವ ಉಪಕರಣವೂ ಉಕ್ಕಿನವೇ ಆಗಿ, ಮೂರೂ ಒಂದೇ ಬಿಸಿಯಲ್ಲಿದ್ದರೆ ತೊಂದರೆಯಿಲ್ಲ. ಎಲ್ಲವೂ ಸಮನಾಗಿ ಹಿಗ್ಗಿರುತ್ತವೆ. ಆದರೆ ಈಗತಾನೆ ಕಡೆದ ಷಾಫ್ಟು 60 ಡಿಗ್ರಿಯಲ್ಲಿದ್ದು, ಉಪಕರಣವು 40 ಡಿಗ್ರಿಯಲ್ಲಿದ್ದರೆ? ಉಕ್ಕು ಒಂದು ಡಿಗ್ರಿಗೆ ತನ್ನ ಅಳತೆಯ ಹತ್ತು ಲಕ್ಷದಲ್ಲಿ ಸುಮಾರು ಹನ್ನೊಂದೂವರೆ ಪಾಲು ಹಿಗ್ಗುತ್ತದೆ. 50 ಮಿ.ಮೀ. ವ್ಯಾಸಕ್ಕೆ 20 ಡಿಗ್ರಿಗಳ ಲೆಕ್ಕ ಹಾಕಿದರೆ ಹಿಗ್ಗುವಿಕೆಯು 11.5 ಮೈಕ್ರಾನ್. ಬಿಸಿಯಿದ್ದಾಗ 50.010 ಮಿ.ಮೀ. ಎಂದು ತೋರಿ ಎಲ್ಲೆಗಳೊಳಗೇ ಇದ್ದ ಷಾಫ್ಟು ತಣ್ಣಗಾದಮೇಲೆ 49.9985ಕ್ಕೆ ಇಳಿಯುತ್ತದೆ. ಗಿರಾಕಿಯು ಬಾಗಿಲಲ್ಲಿ ನಿಂತು ಅವಸರಪಡಿಸುತ್ತಿದ್ದರೂ, ಬಲ್ಲ ಕೆಲಸಗಾರನು ಕೊನೆಯ ಕಡೆತಕ್ಕೆ ಮೊದಲು ಷಾಫ್ಟನ್ನು ಆರಲು ಬಿಡುವುದು ಸೋಮಾರಿತನದಿಂದಲ್ಲ.

ಇಂಥ ಅಳತೆಯನ್ನು ಕೈಗೆ ನಿಲುಕಿಸುವ ಉಪಕರಣವು ಮೈಕ್ರೊಮೀಟರು. ಅದರ ಒಳಗಿರುವುದು ಬರಿಯ ಒಂದು ತಿರುಪು. ಒಂದು ಸುತ್ತು ತಿರುಗಿಸಿದರೆ ತಿರುಪು ಅರ್ಧ ಮಿ.ಮೀ. ಮುಂದೆ ಸಾಗುತ್ತದೆ, ಹಿಡಿಯ ಸುತ್ತ 50 ಗೆರೆಗಳಿವೆ, ಒಂದು ಗೆರೆಯಷ್ಟು ತಿರುಗಿಸಿದರೆ ಮಿ.ಮೀ.ನ ನೂರರಲ್ಲೊಂದು ಪಾಲು. ಅದಕ್ಕೆ ವರ್ನಿಯರ್ ಮಾಪಕವನ್ನು ಕೂಡಿಸಿದರೆ ಸಾವಿರದಲ್ಲೊಂದು ಪಾಲನ್ನೂ ಓದಬಹುದು. ಸಾಲೆಯ ಪ್ರಯೋಗಶಾಲೆಯಲ್ಲಿ ತಂತಿಯ ದಪ್ಪವನ್ನು ಅಳೆದಿರುವ ವಿದ್ಯಾರ್ಥಿಗಳಿಗೆ ಇದರ ಅಣ್ಣತಮ್ಮನಾದ ಸ್ಕ್ರೂ ಗೇಜು ಪರಿಚಿತವಾದುದೇ.

ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದ ಹುಡುಗನೋ ಹುಡುಗಿಯೋ ಈ ಕಸಬನ್ನು ಕಲಿಯಬೇಕೆಂದರೆ ಹೊರಡಬೇಕಾದುದು ಎಲ್ಲಿಗೆ? ವಿಚಿತ್ರವೆಂದರೆ, ಕರ್ನಾಟಕದಲ್ಲಿ ಈ ಕಸಬಿನೊಡನೆ ಬೆಸೆದುಕೊಂಡಿರುವ ಊರಿನ ಹೆಸರೂ ಜಾಲಹಳ್ಳಿಯೇ. ಅದು ನಾನೂರು ಕಿಲೋಮೀಟರಿಗೂ ಆಚೆ, ಬೆಂಗಳೂರಿನ ಅಂಚಿನಲ್ಲಿದ್ದ ಜಾಲಹಳ್ಳಿ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಲೇತು, ಮಿಲ್ಲಿಂಗ್ ಯಂತ್ರ ಮೊದಲಾದ 'ಯಂತ್ರಗಳನ್ನು ಮಾಡುವ ಯಂತ್ರ'ಗಳನ್ನು ನಮ್ಮ ದೇಶವು ಬಹುಮಟ್ಟಿಗೆ ಹೊರಗಿನಿಂದಲೇ ತರಿಸಿಕೊಳ್ಳಬೇಕಾಗಿತ್ತು. ಆ ಕೊರತೆಯನ್ನು ನೀಗಲೆಂದು 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ನೆರವಿನಿಂದ ಹಿಂದೂಸ್ಥಾನ್ ಮೆಷಿನ್ ಟೂಲ್ಸ್ ಕಾರ್ಖಾನೆಯು ಅಲ್ಲಿ ಸ್ಥಾಪಿತವಾಯಿತು. ಜನರು ಎಚ್.ಎಂ.ಟಿ. ಎಂದೊಡನೆ ನೆನೆಯುವ ಕೈಗಡಿಯಾರವು ಆಮೇಲೆ, 1961ರಲ್ಲಿ ಬಂದುದು; ಗಡಿಯಾರದ ಕಾರ್ಖಾನೆಗಳು ಈಗ ಮುಚ್ಚಿವೆ, ಸಂಸ್ಥೆಯೂ ಮೊದಲಿನಷ್ಟು ದೊಡ್ಡದಾಗಿ ಉಳಿದಿಲ್ಲ. ಆದರೆ ಅದರ ಎಂಜಿನಿಯರುಗಳು ಬರೆದ 'ಪ್ರೊಡಕ್ಷನ್ ಟೆಕ್ನಾಲಜಿ' ಎಂಬ ಪುಸ್ತಕವು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪಠ್ಯವಾಗಿ ನಡೆದುಬಂದಿದೆ. ನೆರೆಯ ಪೀಣ್ಯದಲ್ಲಿ ಸಣ್ಣಪುಟ್ಟ ಯಂತ್ರಶಾಲೆಗಳ ದೊಡ್ಡ ಊರೇ ಬೆಳೆದಿದೆ.

ಕಲಿಯಲು ಅಷ್ಟು ದೂರ ಹೋಗಲೇಬೇಕೆಂದಿಲ್ಲ. ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ, ಅಂದರೆ ಐ.ಟಿ.ಐ.ಗಳಲ್ಲಿ, ಟರ್ನರ್ ಎಂದೂ ಮೆಷಿನಿಸ್ಟ್ ಎಂದೂ ಎರಡು ಕಸಬುಗಳುಂಟು. ಎರಡಕ್ಕೂ ಎರಡು ವರ್ಷ. ಲೇತಿನಲ್ಲಿ ಕೆಲಸದ ತುಂಡು ತಿರುಗುತ್ತದೆ, ಟೂಲು ತಿರುಗುವುದಿಲ್ಲ. ಅದರಲ್ಲಿ ಪಳಗುವವನು ಟರ್ನರು. ಮಿಲ್ಲಿಂಗ್ ಯಂತ್ರದಲ್ಲಿ ಟೂಲೇ ತಿರುಗುತ್ತದೆ. ಮೆಷಿನಿಸ್ಟನು ಲೇತಿನ ಜೊತೆಗೆ ಅದನ್ನೂ ಗ್ರೈಂಡಿಂಗ್ ಮೊದಲಾದವನ್ನೂ ಕಲಿಯುತ್ತಾನೆ. ಇನ್ನೊಂದು ದಾರಿ ಸರಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ ನಾಲ್ಕು ವರ್ಷದ ಡಿಪ್ಲೊಮಾ. 1972ರಲ್ಲಿ ಡೆನ್ಮಾರ್ಕ್ ದೇಶದ ಸಹಕಾರದಿಂದ ಬೆಂಗಳೂರಿನಲ್ಲಿ ಹುಟ್ಟಿದ ಈ ಕೇಂದ್ರಕ್ಕೆ ರಾಯಚೂರು ಜಿಲ್ಲೆಯ ಲಿಂಗಸುಗೂರಿನಲ್ಲಿಯೂ ಶಾಖೆಯುಂಟು.

ಸೇರಿದ ಹುಡುಗನಿಗೆ ಮೊದಲು ನಿರಾಶೆಯೇ ಕಾದಿರುತ್ತದೆ. ಯಂತ್ರವನ್ನು ಮುಟ್ಟಲು ಬಿಡದೆ, ವೈಸಿನಲ್ಲಿ ಕಬ್ಬಿಣದ ಒಂದು ತುಂಡನ್ನು ಬಿಗಿದು, ಕೈಗೆ ಒಂದು ಅರವನ್ನು ಕೊಟ್ಟು, ಚಪ್ಪಟೆಯಾಗುವ ತನಕ ಉಜ್ಜು ಎನ್ನುತ್ತಾರೆ. ಭುಜ ನೋಯುತ್ತದೆ, ತುಂಡು ಮಾತ್ರ ಮಧ್ಯದಲ್ಲಿ ಉಬ್ಬಿಯೇ ಇರುತ್ತದೆ. ಅರದ ಎರಡು ತುದಿಗಳ ಮೇಲಿನ ಒತ್ತಡವು ಪ್ರತಿಯೊಂದು ನೂಕಿನಲ್ಲೂ ಬದಲಾಗುತ್ತಿರಬೇಕೆಂಬುದನ್ನು ಕೈ ತಾನಾಗಿಯೇ ಕಂಡುಕೊಳ್ಳಬೇಕು. ಬಾಯಲ್ಲಿ ಹೇಳಿ ಕಲಿಸಲಾಗದು. ಈ ಘಟ್ಟದಲ್ಲಿಯೇ ಬೇಸತ್ತು ಬಿಟ್ಟುಹೋಗುವವರು ಹಲವರು. ಕೈ ಹೀಗೆ ಲೋಹದ ಗುಣವನ್ನು ಅರಿತ ಮೇಲೆಯೇ ಯಂತ್ರದ ಮಾತು ತಿಳಿಯುವುದೆಂದು ನಮ್ಮ ಅಭಿಪ್ರಾಯ.

ಆಮೇಲೆ ಲೆಕ್ಕ. ಸಾಧಾರಣ ಉಕ್ಕನ್ನು ಹೈಸ್ಪೀಡ್ ಉಕ್ಕಿನ ಟೂಲಿನಿಂದ ನಿಮಿಷಕ್ಕೆ ಸುಮಾರು 30 ಮೀಟರ್ ವೇಗದಲ್ಲಿ ಕತ್ತರಿಸಬಹುದು. 50 ಮಿ.ಮೀ. ವ್ಯಾಸದ ಷಾಫ್ಟು ಒಂದು ಸುತ್ತಿಗೆ ಟೂಲಿನ ಮುಂದೆ 157 ಮಿ.ಮೀ. ಹಾಯುತ್ತದೆ, ಆದುದರಿಂದ ನಿಮಿಷಕ್ಕೆ ಸುಮಾರು 190 ಸುತ್ತು ಬೇಕು. ವ್ಯಾಸವು 25 ಮಿ.ಮೀ. ಆದರೆ ಅದರ ಇಮ್ಮಡಿ. ವೃತ್ತದ ಪರಿಧಿಯ ಸೂತ್ರವು ಪರೀಕ್ಷೆಗೆ ಮಾತ್ರ ಬೇಕಾದುದೆಂದು ತಿಳಿದವರು ಇಲ್ಲಿ ಟೂಲಿನ ಮೊನೆಯನ್ನು ಸುಟ್ಟುಕೊಳ್ಳುತ್ತಾರೆ.

ಈ ವೇಗಗಳನ್ನು ಜಗತ್ತಿಗೆ ಲೆಕ್ಕ ಮಾಡಿ ತೋರಿಸಿದವರಲ್ಲಿ ಮೊದಲಿಗನು ತಾನೂ ಅಪ್ರೆಂಟಿಸನಾಗಿಯೇ ಆರಂಭಿಸಿದವನು. ಅಮೆರಿಕದ ಎಫ್. ಡಬ್ಲ್ಯು. ಟೇಲರ್ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದರೂ ಅಲ್ಲಿಗೆ ಹೋಗದೆ, 1874ರಲ್ಲಿ ಫಿಲಡೆಲ್ಫಿಯಾದ ಒಂದು ಪಂಪು ಕಾರ್ಖಾನೆಯಲ್ಲಿ ಕಸಬು ಕಲಿಯಲು ಸೇರಿದನು. ದುಡಿಯುತ್ತಲೇ ಓದಿ 1883ರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿಯನ್ನು ಪಡೆದನು. ಸುಮಾರು 26 ವರ್ಷ ಪ್ರಯೋಗ ನಡೆಸಿ, ಎಂಟು ಲಕ್ಷ ಪೌಂಡು ಲೋಹವನ್ನು ಸಿಪ್ಪೆ ಮಾಡಿ, ಫಲಿತಾಂಶವನ್ನು 1906ರಲ್ಲಿ ಪ್ರಕಟಿಸಿದನು. ಕೆಲಸಗಾರರ ಬೆನ್ನ ಹಿಂದೆ ಗಡಿಯಾರ ಹಿಡಿದು ನಿಲ್ಲುವ ಪದ್ಧತಿಗೂ ಇವನೇ ಕಾರಣನಾದುದರಿಂದ ಕಾರ್ಮಿಕರು ಇವನನ್ನು ಮೆಚ್ಚಲಿಲ್ಲ. ಅದು ಬೇರೆಯ ಕಥೆ.

ಯಂತ್ರಶಾಲೆಯ ಕೆಲವು ನಿಯಮಗಳಿಗೆ ವಿನಾಯಿತಿಯೇ ಇಲ್ಲ. ತಿರುಗುವ ಲೇತಿನ ಬಳಿ ಕೈಚೀಲ ಹಾಕಿಕೊಳ್ಳಕೂಡದು. ಕೈಗೆ ರಕ್ಷಣೆಯೆಂದು ತೋರುವ ಆ ಬಟ್ಟೆಯೇ ಕೈಯನ್ನು ಒಳಗೆಳೆಯುತ್ತದೆ. ಸಡಿಲವಾದ ತೋಳು, ಇಳಿಬಿದ್ದ ದುಪಟ್ಟಾ, ಕಟ್ಟದ ಕೂದಲು ಇವಕ್ಕೂ ಅದೇ ಮಾತು. ಲೋಹದ ಸಿಪ್ಪೆಯನ್ನು ಬೆರಳಿನಿಂದ ತೆಗೆಯಕೂಡದು. ಚಕ್ಕಿನ ಕೀಲಿಯನ್ನು ಚಕ್ಕಿನಲ್ಲಿಯೇ ಬಿಟ್ಟು ಯಂತ್ರವನ್ನು ಹೊರಡಿಸಿದರೆ ಅದು ಕವಣೆಯ ಕಲ್ಲಿನಂತೆ ಹಾರುತ್ತದೆ.

1952ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಅಂಕೆಗಳ ಆಜ್ಞೆಯಂತೆ ನಡೆಯುವ ಮಿಲ್ಲಿಂಗ್ ಯಂತ್ರವನ್ನು ಪ್ರದರ್ಶಿಸಿದರು. ಅದರ ಸಂತತಿಯಾದ ಸಿ.ಎನ್.ಸಿ. ಯಂತ್ರಗಳು ಇಂದು ಎಲ್ಲೆಡೆ ಇವೆ. ಟೂಲನ್ನು ನಡೆಸುವುದು ಅಲ್ಲಿ ಗಣಕದ ಕೆಲಸ. ಆದರೆ ಟೂಲು ಸವೆಯುವುದನ್ನು ಗಮನಿಸಿ, ತುಂಡನ್ನು ಅಳೆದು, ಐದೋ ಆರೋ ಮೈಕ್ರಾನಿನ ತಿದ್ದುಪಡಿಯನ್ನು ಯಂತ್ರಕ್ಕೆ ಊಡುವವನು ಸಾಮಾನ್ಯವಾಗಿ ಇಂದಿಗೂ ಮೆಷಿನಿಸ್ಟನೇ.

ಇನ್ನು, ತಂದೆತಾಯಿಗಳು ಮೊದಲು ಕೇಳುವ ಪ್ರಶ್ನೆ: ಅಪ್ರೆಂಟಿಸ್ ಆದರೆ ಕೆಲಸ ಸಿಕ್ಕಿದಂತೆಯೆ? ಅಲ್ಲ. 1961ರ ಅಪ್ರೆಂಟಿಸ್ ಕಾಯಿದೆಯ ಪ್ರಕಾರ ಅಪ್ರೆಂಟಿಸನು ಕಲಿಯುವವನೇ ಹೊರತು ನೌಕರನಲ್ಲ. ಅವನಿಗೆ ದೊರೆಯುವುದು ಸಂಬಳವಲ್ಲ, ನಿಯಮಗಳು ನಿಗದಿಮಾಡಿದ ವೇತನಭತ್ಯೆ. ಕಲಿಕೆ ಮುಗಿದಮೇಲೆ ಕೆಲಸ ಕೊಡಲೇಬೇಕೆಂಬ ಸಾಮಾನ್ಯ ಕಟ್ಟುಪಾಡು ಮಾಲೀಕನಿಗಿಲ್ಲ. ಒಪ್ಪಂದದಲ್ಲಿಯೇ ಹಾಗೆ ಬರೆದಿದ್ದರೆ ಮಾತ್ರ ಉಂಟು. ಇದನ್ನು ತಿಳಿಯದೆ, ವರ್ಷ ಕಳೆದೊಡನೆ ಕಾರ್ಖಾನೆಯ ಗೇಟಿನ ಹೊರಗೆ ನಿಂತು ಕಂಗಾಲಾದವರುಂಟು. ಆದರೆ 30 ಅಥವಾ ಅದಕ್ಕೂ ಹೆಚ್ಚು ಮಂದಿ ದುಡಿಯುವ ಉದ್ಯಮಗಳು ನೂರಕ್ಕೆ ಎರಡೂವರೆಯಿಂದ ಹದಿನೈದರ ತನಕ ಅಪ್ರೆಂಟಿಸರನ್ನು ತೆಗೆದುಕೊಳ್ಳಬೇಕೆಂದು 2019ರ ನಿಯಮಗಳು ವಿಧಿಸಿರುವುದರಿಂದ ಅವಕಾಶಗಳು ಕಡಮೆಯಿಲ್ಲ. ಗಾಯವಾದರೆ ಪರಿಹಾರದ ಹೊಣೆಯು ಮಾಲೀಕನದು.

ಐ.ಟಿ.ಐ. ಮುಗಿಸಿದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೆ, ಡಿಪ್ಲೊಮಾ ಮುಗಿಸಿದವರು ಬಿ.ಇ.ಯ ಎರಡನೆಯ ವರ್ಷಕ್ಕೆ ನೇರವಾಗಿ ಸೇರುವ ಏರ್ಪಾಡು ನಮ್ಮ ರಾಜ್ಯದಲ್ಲಿದೆ. ಆದುದರಿಂದ ಅರ ಹಿಡಿದವನಿಗೆ ಎಂಜಿನಿಯರನಾಗುವ ಬಾಗಿಲು ಮುಚ್ಚಿಲ್ಲ. ಒಪ್ಪಂದಕ್ಕೆ ರುಜು ಹಾಕುವ ಮೊದಲು ಎರಡು ವಿಷಯಗಳನ್ನು ವಿಚಾರಿಸಬೇಕು: ಒಪ್ಪಂದವು ಕಾಯಿದೆಯಂತೆ ನೋಂದಣಿಯಾಗುವುದೆ? ಕಲಿಯುವವನನ್ನು ವರ್ಷವಿಡೀ ಒಂದೇ ಯಂತ್ರದ ಮುಂದೆ ನಿಲ್ಲಿಸುವರೋ, ಬೇರೆ ಬೇರೆ ಯಂತ್ರಗಳಿಗೆ ಸರದಿಯಂತೆ ಕಳುಹಿಸುವರೋ? ಎರಡನೆಯದಕ್ಕೆ ಸರಿಯಾದ ಉತ್ತರವು ಕಚೇರಿಯಲ್ಲಿ ಸಿಕ್ಕದಿದ್ದರೆ, ಅಲ್ಲಿಯೇ ಹಿಂದಿನ ವರ್ಷ ಕಲಿತವರನ್ನು ಗೇಟಿನ ಬಳಿಯ ಚಹದಂಗಡಿಯಲ್ಲಿ ಕೇಳಬಹುದು.