ಏಳು ಮೀಟರಿನ ಕಾನೂನು, ಎರಡು ಮೀಟರಿನ ಗಲ್ಲಿ

"ಅಣ್ಣಾರ, ಇದರ ಹಾರ್ನ್ ಸೈಕಲ್ ಗಂಟಿ ಹೊಡದಂಗ ಆಗತೈತ್ರಿ. ಹೈವೇದಾಗ ಟ್ರಕ್ಕಿನವ್ರು ಕಿವ್ಯಾಗ ಹಾಕ್ಕೊಳ್ಳಂಗಿಲ್ಲ. ಏನರ ಜೋರಂದ ಹಾಕ್ರಿ."

ಹುಡುಗ ವಿಜಯಪುರದವನು, ಹಿಂಜವಡಿಯ ಕಂಪನಿಯಲ್ಲಿ ಕೆಲಸ, ಕಾರು ಹೊಸದು. ಪುಣೆಯ ಸದಾಶಿವ ಪೇಠದಲ್ಲಿ, ಪೆರುಗೇಟಿನಿಂದ ಒಳಕ್ಕೆ ತಿರುಗುವ ಒಂದು ಗಲ್ಲಿಯಲ್ಲಿ ನನ್ನ ಆಟೋ ಎಲೆಕ್ಟ್ರಿಕ್ ಅಂಗಡಿ. ನಾನು ಗೋಕಾಕದ ಕಡೆಯವನೆಂದು ಗೊತ್ತಾದ ಮೇಲೆ ಈ ಭಾಗದ ಕನ್ನಡದ ಹುಡುಗರು ಹುಡುಕಿಕೊಂಡು ಬರುತ್ತಾರೆ. ಈತ ನಾನಾ ಪೇಠಕ್ಕೆ ಹೋಗಿ ಹಾರ್ನಿನ ಡಬ್ಬಿಯನ್ನೂ ತಂದಿದ್ದ. ಮೇಲೆ ದಪ್ಪ ಅಕ್ಷರದಲ್ಲಿ 118 ಡೆಸಿಬೆಲ್ ಎಂದಿತ್ತು. "ಇದು ಲೀಗಲ್ ಐತೇನ್ರಿ? ಕಾನೂನಿನಾಗ 112 ಅಂತಾರಲ್ಲ?" ಎಂದು ಕೇಳಿದ.

ಇಷ್ಟು ಕೇಳಿಕೊಂಡು ಬರುವ ಗಿರಾಕಿ ಅಪರೂಪ. ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಶಬ್ದವನ್ನು ಎಷ್ಟು ದೂರದಿಂದ ಅಳೆದರು ಎನ್ನುವುದನ್ನು ಬಿಟ್ಟು ಡೆಸಿಬೆಲ್ ಲೆಕ್ಕ ಮಾತಾಡಿದರೆ ಅದಕ್ಕೆ ಅರ್ಥವೇ ಇಲ್ಲ. ಕಾರಿಗೆ ಕೂಡಿಸಿದ ಹಾರ್ನನ್ನು ಬಯಲು ಜಾಗದಲ್ಲಿ ಗಾಡಿಯ ಮುಂದೆ 7 ಮೀಟರ್ ದೂರದಲ್ಲಿ ಮೈಕ್ ಇಟ್ಟು ಅಳೆಯುತ್ತಾರೆ. ಅಲ್ಲಿ ಅದು 93 ಡೆಸಿಬೆಲ್‌ಗಿಂತ ಕಡಿಮೆ ಇರಬಾರದು, 112 ದಾಟಬಾರದು. ಹಾರ್ನನ್ನು ಬಿಡಿಯಾಗಿ ಪರೀಕ್ಷಿಸುವಾಗ ಮೈಕ್ ಇರುವುದು 2 ಮೀಟರ್ ದೂರದಲ್ಲಿ. ಅಲ್ಲಿಯ ಮಿತಿ 105ರಿಂದ 118. ದೂರ ಇಮ್ಮಡಿಯಾದಾಗಲೆಲ್ಲ ಸುಮಾರು 6 ಡೆಸಿಬೆಲ್ ಇಳಿಯುತ್ತದೆ, ಹಾಗಾಗಿ 2 ಮೀಟರಿನಲ್ಲಿ 118 ಇದ್ದದ್ದು 7 ಮೀಟರಿಗೆ ಹೋಗುವಷ್ಟರಲ್ಲಿ 107ರ ಆಸುಪಾಸು. ಹುಡುಗನ ಡಬ್ಬಿ ಕಾನೂನಿನೊಳಗೇ ಇತ್ತು. ಆನ್‌ಲೈನಿನಲ್ಲಿ 150, 300 ಡೆಸಿಬೆಲ್ ಎಂದು ಮಾರುವ ಡಬ್ಬಿಗಳಿವೆಯಲ್ಲ, ಅವು ಸುಳ್ಳು. ನಿಜವಾಗಿದ್ದರೆ ಅಂಗಡಿಯಲ್ಲಿ ಅದನ್ನು ಹೊಡೆದು ತೋರಿಸುವ ನನ್ನ ಕಿವಿ ಉಳಿಯುತ್ತಿರಲಿಲ್ಲ.

ಈ ಅಳತೆಯ ನಿಯಮ ಬರೆಯುವ ಮನೆ ನಮ್ಮ ಊರಲ್ಲೇ ಇದೆ. ಕೋಥ್ರೂಡಿನ ಗುಡ್ಡದ ಮೇಲಿರುವ ಆಟೋಮೋಟಿವ್ ರಿಸರ್ಚ್ ಅಸೋಸಿಯೇಷನ್ ಆಫ್ ಇಂಡಿಯಾ 1966ರದ್ದು. ಪುಣೇಕರರು ಬೆಳಗಿನ ವಾಕಿಂಗಿಗೆ ಹೋಗುವ ಆ ವೇತಾಳ ಟೇಕಡಿಯನ್ನು 'ಎ.ಆರ್.ಎ.ಐ. ಟೇಕಡಿ' ಎಂದೇ ಕರೆಯುತ್ತಾರೆ. ಗಾಡಿಗಳ ಬಿಡಿಭಾಗಗಳ ಭಾರತೀಯ ಮಾನದಂಡಗಳನ್ನು ಪ್ರಕಟಿಸುವುದು ಈ ಸಂಸ್ಥೆಯೇ. ಹಾರ್ನಿನ ಮಾನದಂಡದ ಸಂಖ್ಯೆ 014. ಯುರೋಪು ಮತ್ತಿತರ ದೇಶಗಳು ಪಾಲಿಸುವ ವಿಶ್ವಸಂಸ್ಥೆಯ 28ನೇ ನಿಯಮದ ಜಾಡಿನಲ್ಲೇ ಅದೂ ಇದೆ.

ಲೆಕ್ಕವೆಲ್ಲ ಸರಿ. ಆದರೆ ಆ 7 ಮೀಟರ್ ನಮ್ಮ ಪೇಠದಲ್ಲಿ ಎಲ್ಲಿಂದ ತರಬೇಕು? ಪಾಣಿಪತ್ತಿನಲ್ಲಿ ಮಡಿದ ಸದಾಶಿವರಾವ್ ಭಾವೂ ಹೆಸರಿನ ಈ ಪೇಠ ಪೇಶ್ವೆಯರ ಕಾಲದ್ದು, ಕುದುರೆ ಮೇಣೆಗಳಿಗೆ ಸಾಕಾಗುವಷ್ಟೇ ಅಗಲದ ಗಲ್ಲಿಗಳು. ಒಂದು ಕಡೆ ವಾಡೆಯ ಕಲ್ಲಿನ ಗೋಡೆ, ಇನ್ನೊಂದು ಕಡೆ ವಾಡೆ ಕೆಡವಿ ಕಟ್ಟಿದ ನಾಲ್ಕಂತಸ್ತಿನ ಅಪಾರ್ಟ್‌ಮೆಂಟು, ನಡುವೆ ನಿಲ್ಲಿಸಿದ ಸ್ಕೂಟರುಗಳ ಸಾಲು. ಉಳಿದ ಜಾಗದಲ್ಲಿ ಕಾರಿನ ಬಂಪರಿನ ಮುಂದೆ ನಡೆಯುವವರು ಒಂದೂವರೆ ಎರಡು ಮೀಟರ್ ದೂರದಲ್ಲಿರುತ್ತಾರೆ. ಅವರ ಕಿವಿಗೆ ತಾಗುವುದು 118ರ ಲೆಕ್ಕ. ಬಯಲಲ್ಲಿ ಚದುರಿಹೋಗುವ ಶಬ್ದ ಇಲ್ಲಿ ಎರಡು ಗೋಡೆಗಳ ನಡುವೆ ಬಡಿದಾಡುತ್ತದೆ. ದಿನಕ್ಕೆ ಎಂಟು ತಾಸು 85 ಡೆಸಿಬೆಲ್ ಕೇಳಿದರೇ ಕಿವಿಗೆ ಅಪಾಯ ಶುರು ಎನ್ನುತ್ತಾರೆ ತಜ್ಞರು. 100 ಆದರೆ ಕಾಲು ತಾಸು ಸಾಕು. ಕಾನೂನಿಗೆ ಸರಿಯಾಗಿರುವ ಹಾರ್ನೂ ಈ ಗಲ್ಲಿಗೆ ಹೆಚ್ಚೇ. ಹಾರ್ನ್ ಬದಲಿಸುವುದರಲ್ಲೇ ನನ್ನ ಹೊಟ್ಟೆ ತುಂಬುತ್ತಿದ್ದರೂ ಇದನ್ನು ಹೇಳಲೇಬೇಕು.

ಹಾಗಾದರೆ ಬದಲಿಸಲೇಬಾರದೇ? ಹಾಗೇನಿಲ್ಲ. ಕಡಿಮೆ ಬೆಲೆಯ ಕಾರುಗಳಿಗೆ ಕಂಪನಿಯವರು ಒಂದೇ ಹಾರ್ನ್ ಕೂಡಿಸಿ ಕಳಿಸುತ್ತಾರೆ, ಅದರ ದನಿ ಕೀರಲು. ಜೋಡಿ ಹಾರ್ನಿನಲ್ಲಿ ಒಂದರ ಮೇಲೆ ಎಚ್, ಇನ್ನೊಂದರ ಮೇಲೆ ಎಲ್ ಎಂದು ಅಚ್ಚಾಗಿರುತ್ತದೆ. ಮೇಲಿನ ಸ್ವರ 500 ಹರ್ಟ್ಸ್‌ನ ಹತ್ತಿರ, ಕೆಳಗಿನದು 400ರ ಹತ್ತಿರ. ಎರಡೂ ಸೇರಿದರೆ ಶಬ್ದ ಇಮ್ಮಡಿಯಾಗುತ್ತದೆಂದು ಜನ ತಿಳಿಯುತ್ತಾರೆ. ಮಾಪಕದಲ್ಲಿ ಏರುವುದು 3 ಡೆಸಿಬೆಲ್ ಮಾತ್ರ, ಕಿವಿಗೆ ಇಮ್ಮಡಿ ಅನ್ನಿಸಲು 10 ಬೇಕು. ಆದರೂ ದನಿ ತುಂಬಿ ಬರುತ್ತದೆ, ಟ್ರಕ್ಕಿನ ಎಂಜಿನ್ ಗದ್ದಲದಲ್ಲೂ ಬೇರೆಯಾಗಿ ಕೇಳುತ್ತದೆ. ಹುಡುಗನಿಗೆ ಬೇಕಾಗಿದ್ದದ್ದು ಇದೇ. ಜೋರು ಬೇಕಿರಲಿಲ್ಲ, ಒಳ್ಳೆಯ ದನಿ ಬೇಕಿತ್ತು.

ಎಷ್ಟೋ ಸಲ ಹೊಸ ಹಾರ್ನೇ ಬೇಡ. ಹಾರ್ನಿನೊಳಗೆ ಒಂದು ಕಾಯಿಲ್, ಒಂದು ತೆಳು ಉಕ್ಕಿನ ತಗಡು, ಒಂದು ಜೋಡಿ ಪಾಯಿಂಟು. ಕರೆಂಟು ಹರಿದಾಗ ಕಾಯಿಲ್ ತಗಡನ್ನು ಎಳೆಯುತ್ತದೆ, ಎಳೆದ ಕೂಡಲೇ ಪಾಯಿಂಟು ಬಿಡುತ್ತದೆ, ತಗಡು ಹಿಂದಕ್ಕೆ ಬರುತ್ತದೆ, ಪಾಯಿಂಟು ಮತ್ತೆ ಕೂಡುತ್ತದೆ. ಇದು ಸೆಕೆಂಡಿಗೆ ನಾನೂರು ಐನೂರು ಸಲ. ಪಾಯಿಂಟು ಸವೆದರೆ ಹಾರ್ನಿಗೆ ಗಂಟಲು ಕಟ್ಟುತ್ತದೆ. ಹಿಂಬದಿಯಲ್ಲಿ ಬಣ್ಣ ಮೆತ್ತಿದ ಒಂದು ಸಣ್ಣ ಸ್ಕ್ರೂ ಇರುತ್ತದೆ. ಬಣ್ಣ ಕೆರೆದು ಕಾಲು ಸುತ್ತು ತಿರುಗಿಸಿ, ಹೊಡೆದು ನೋಡಿ, ಬೇಕಾದರೆ ಇನ್ನೊಂದು ಕೂದಲೆಳೆಯಷ್ಟು ತಿರುಗಿಸಿದರೆ ದನಿ ತೆರೆಯುತ್ತದೆ. ಇದಕ್ಕೆ ನಾನು ತೆಗೆದುಕೊಳ್ಳುವುದು ಚಹಾದ ದುಡ್ಡು.

ಜೋಡಿ ಹಾರ್ನ್ ಹಾಕುವುದೇ ಆದರೆ ರಿಲೇ ಇಲ್ಲದೆ ಹಾಕಿಸಬೇಡಿ. ಒಂದು ಹಾರ್ನ್ ಎಳೆಯುವುದು ನಾಲ್ಕೈದು ಆಂಪಿಯರ್, ಎರಡಾದರೆ ಒಂಬತ್ತು ಹತ್ತು. ಒಂದಕ್ಕೆಂದು ಮಾಡಿದ ತೆಳು ವೈರು, ಸ್ವಿಚ್ಚು ಇದನ್ನು ತಾಳುವುದಿಲ್ಲ. ರಿಲೇಗೆ ನಾಲ್ಕು ಕಾಲು: 30ಕ್ಕೆ ಬ್ಯಾಟರಿಯಿಂದ ಫ್ಯೂಸ್ ದಾಟಿ ಬಂದ ದಪ್ಪ ವೈರು, 87ರಿಂದ ಹಾರ್ನಿಗೆ, 85 ಮತ್ತು 86ಕ್ಕೆ ಹಳೆಯ ಹಾರ್ನಿನ ಎರಡು ವೈರು. ಕಂಪನಿಯ ಕಪ್ಲರ್ ಕತ್ತರಿಸಿದರೆ ವಾರಂಟಿಯ ತಕರಾರು ಬರುತ್ತದೆ. ಹಾಗೇ ಸಿಕ್ಕಿಸುವ ತಯಾರಿ ಹಾರ್ನೆಸ್ ಸಿಗುತ್ತದೆ, ಅದನ್ನೇ ಕೇಳಿ. ಹಾರ್ನಿನ ಬಾಯಿ ಕೆಳಮುಖ ಇರಲಿ, ಮಳೆನೀರು ನಿಲ್ಲಬಾರದು.

ಇನ್ನು ಮುಟ್ಟಬಾರದ್ದು. ಕೇಂದ್ರ ಮೋಟಾರು ವಾಹನ ನಿಯಮ 119 ಎರಡು ಮಾತು ಹೇಳುತ್ತದೆ: ಒಂದಾದ ಮೇಲೊಂದು ಬೇರೆ ಬೇರೆ ಸ್ವರ ಹೊರಡಿಸುವ ಹಾರ್ನ್ ಕೂಡದು, ಕರ್ಕಶವಾಗಿ ಬೆಚ್ಚಿಬೀಳಿಸುವಂಥದ್ದೂ ಕೂಡದು. ಆಂಬುಲೆನ್ಸು, ಅಗ್ನಿಶಾಮಕ, ಪೊಲೀಸ್ ಗಾಡಿಗಳ ಮಾತು ಬೇರೆ. ಎರಡು ಸ್ವರ ಒಟ್ಟಿಗೆ ಹೊರಟರೆ ಅಡ್ಡಿಯಿಲ್ಲ, ಸರದಿಯಲ್ಲಿ ಹಾಡಿದರೆ ತಪ್ಪು. ಕಂಪ್ರೆಸರ್ ಇಟ್ಟ ಪ್ರೆಷರ್ ಹಾರ್ನು, ಹಿಂದಿ ಸಿನಿಮಾ ಹಾಡಿನ ಹಾರ್ನು ನನ್ನ ಅಂಗಡಿಯಲ್ಲಿ ಸಿಗುವುದಿಲ್ಲ. ಶಬ್ದದ ಮಾನದಂಡ ಮೀರಿದ ಗಾಡಿ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 190(2)ರಡಿ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಮೂರು ತಿಂಗಳು ಲೈಸೆನ್ಸಿಗೂ ಕುತ್ತು. 2019ರ ತಿದ್ದುಪಡಿಯಲ್ಲಿ ಬಂದ 194ಎಫ್ ಪ್ರಕಾರ ಸುಮ್ಮಸುಮ್ಮನೆ ಹಾರ್ನ್ ಹೊಡೆದರೂ ಮೊದಲ ಸಲ 1,000, ಆಮೇಲೆ 2,000. ಅಂದರೆ ಕಾನೂನಿಗೆ ಸರಿಯಾದ ಹಾರ್ನನ್ನು ಬೇಡವಾದಲ್ಲಿ ಹೊಡೆಯುವುದೂ ತಪ್ಪೇ. ಗಾಡಿಯಲ್ಲಿ ಕೂತು ಹಾರ್ನ್ ಹೊಡೆದು ಮೂರನೇ ಮಹಡಿಯ ಗೆಳೆಯನನ್ನು ಕರೆಯುವವರು ಇದನ್ನು ಓದಬೇಕು. ಅಂಥವರಿಗೆಂದೇ ನಮ್ಮ ಪೇಠದ ಗೇಟುಗಳ ಮೇಲೆ ಕುಟುಕುವ ಫಲಕಗಳಿವೆ. ಪುಣೇರಿ ಪಾಟಿಗಳು ಮಹಾರಾಷ್ಟ್ರಕ್ಕೆಲ್ಲ ಪ್ರಸಿದ್ಧ, ಪೊಲೀಸ್ ದಂಡಕ್ಕಿಂತ ಅವುಗಳಿಗೇ ಜನ ಹೆಚ್ಚು ಅಂಜುತ್ತಾರೆಂದು ನನ್ನ ಗುಮಾನಿ.

ಉಪಾಯಗಳಿಗೇನೂ ಬರವಿಲ್ಲ. ಮುಂಬೈ ಪೊಲೀಸರು 2020ರ ಹೊತ್ತಿಗೆ ಕೆಲವು ಸಿಗ್ನಲ್ಲುಗಳಲ್ಲಿ ಶಬ್ದ 85 ಡೆಸಿಬೆಲ್ ದಾಟಿದರೆ ಕೆಂಪು ದೀಪದ ಎಣಿಕೆ ಮೊದಲಿನಿಂದ ಶುರುವಾಗುವಂತೆ ಮಾಡಿದ್ದರು. 2025ರ ಜನವರಿಯಲ್ಲಿ ನಮ್ಮ ಕರ್ನಾಟಕದ ಸಂಚಾರ ಪೊಲೀಸರೊಬ್ಬರು ಚಾಲಕರನ್ನು ಕೆಳಗಿಳಿಸಿ ಅವರದೇ ಹಾರ್ನಿನ ಮುಂದೆ ಕೂರಿಸಿದ ವಿಡಿಯೊ ಎಲ್ಲರ ಫೋನಿನಲ್ಲಿ ಓಡಾಡಿತು. ಹಾರ್ನಿಗೆ ಕೊಳಲು, ತಬಲಾದ ನಾದ ಇರಲಿ ಎಂದು ನಿತಿನ್ ಗಡ್ಕರಿ 2021ರಲ್ಲೂ ಹೇಳಿದ್ದರು, 2025ರಲ್ಲೂ ಹೇಳಿದರು. ನನಗೆ ಅದರಲ್ಲಿ ನಂಬಿಕೆಯಿಲ್ಲ. ಟಿಳಕ್ ರಸ್ತೆಯ ಸಂಜೆಯ ಟ್ರಾಫಿಕ್ಕಿನಲ್ಲಿ ನೂರು ಕೊಳಲು ಒಟ್ಟಿಗೆ ಊದಿದರೂ ಅದು ಗದ್ದಲವೇ.

ವಿಜಯಪುರದ ಹುಡುಗ ರಿಲೇ ಸಮೇತ ಜೋಡಿ ಹಾರ್ನ್ ಹಾಕಿಸಿಕೊಂಡು ಹೋದ. ಹೊರಡುವಾಗ ಗಲ್ಲಿಯಲ್ಲೇ ಹೊಡೆದು ನೋಡಲು ಹೋದವನನ್ನು ತಡೆದೆ. "ಹೈವೇಕ್ಕ ಹೋಗಿ ಹೊಡಿಯಪಾ, ಇಲ್ಲಿ ಬ್ಯಾಡ. ಮಧ್ಯಾಹ್ನ ಒಂದರಿಂದ ನಾಲ್ಕರ ತನಕ ಮಲಗೋ ಮಂದಿ ಇವ್ರು."

ಮಧ್ಯಾಹ್ನದ ನಿದ್ದೆಗೆ ಕಾನೂನಿನ ಕಾವಲಿಲ್ಲ, ರಾತ್ರಿಯದಕ್ಕೆ ಇದೆ. ಜನವಸತಿಯ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗೆ ಹಾರ್ನ್ ಕೂಡದೆಂದು ಸುಪ್ರೀಂ ಕೋರ್ಟು 2005ರ ಜುಲೈ 18ರಂದೇ ಹೇಳಿದೆ. ಶಬ್ದಮಾಲಿನ್ಯ ನಿಯಮಗಳಲ್ಲೂ ಆಮೇಲೆ ಅದನ್ನು ಸೇರಿಸಲಾಯಿತು, ತುರ್ತು ಸಂದರ್ಭಕ್ಕಷ್ಟೇ ವಿನಾಯಿತಿ. ಹತ್ತರ ಮೇಲೆ ನಮ್ಮ ಗಲ್ಲಿಗೆ ಬರುವವರು ತಿರುವಿನಲ್ಲಿ ಒಮ್ಮೆ ಹೆಡ್‌ಲೈಟ್ ಡಿಪ್ ಮಾಡಿ, ಎದುರಿನವರು ನಿಲ್ಲುತ್ತಾರೆ.