ಹತ್ತಡಿ ಕೋಣೆಯ ಸ್ಟುಡಿಯೊಗೆ ಕೋಣೆಯನ್ನೇ ಅಳೆಯುವ ಸ್ಪೀಕರ್

ಡೊಂಬಿವಲಿ: ಥಾಣೆ, ಡೊಂಬಿವಲಿ, ಕಲ್ಯಾಣ್ ಹಾಗೂ ನವಿಮುಂಬಯಿಯ ಕನ್ನಡಿಗರ ಬದುಕಿನಲ್ಲಿ ಭಜನೆ, ಭಾವಗೀತೆ, ತಾಳಮದ್ದಳೆ ಹಾಸುಹೊಕ್ಕಾಗಿವೆ. 2020ರ ಕೊರೊನಾ ಲಾಕ್‌ಡೌನ್‌ನಲ್ಲಿ ಸಭಾಗೃಹಗಳು ಮುಚ್ಚಿದಾಗ ಹಾಡು-ಭಜನೆಗಳು ಮನೆಯಲ್ಲೇ ಮುದ್ರಣಗೊಂಡು ಮೊಬೈಲ್ ಮೂಲಕ ಊರೂರು ತಲುಪಿದವು. ಒಂದು ಮೈಕ್, ಒಂದು ಲ್ಯಾಪ್‌ಟಾಪ್, ಎರಡು ಸ್ಪೀಕರ್ ಇದ್ದರೆ ಮಲಗುವ ಕೋಣೆಯೇ ಸ್ಟುಡಿಯೊ. ಆದರೆ ಮನೆಯಲ್ಲಿ ಇಂಪಾಗಿ ಕೇಳಿಸಿದ ಹಾಡು ಸಂಘದ ವಾರ್ಷಿಕೋತ್ಸವದಲ್ಲಿ ಹಾಕಿದಾಗ ಗುಂಯ್‌ಗುಟ್ಟಿ, ಸಾಹಿತ್ಯವೇ ತಿಳಿಯದಂತಾಗುವುದುಂಟು. ಇದಕ್ಕೆ ಕಾರಣ ಅನೇಕ ಸಲ ಗಾಯಕರಲ್ಲ, ಕೋಣೆ.

ಕೋಣೆಯ ಕರಾಮತ್ತು

ಶಬ್ದ ಸೆಕೆಂಡಿಗೆ ಸುಮಾರು 344 ಮೀಟರ್ ಸಾಗುತ್ತದೆ. ಎದುರುಬದುರು ಗೋಡೆಗಳ ನಡುವೆ 10 ಅಡಿ ಅಂತರವಿದ್ದರೆ 56 ಮತ್ತು 113 ಹರ್ಟ್ಸ್ ಆಸುಪಾಸಿನ ಸ್ವರಗಳು ಗೋಡೆಗೆ ಬಡಿದು ಮರಳಿ, ಕೆಲವೆಡೆ ಉಬ್ಬುತ್ತವೆ, ಕೆಲವೆಡೆ ಅಡಗುತ್ತವೆ. ಕೋಣೆಯ ನಟ್ಟನಡುವೆ ಕುಳಿತವರಿಗೆ 56ರ ಆಳದ ನಾದ ಬಹುತೇಕ ಕೇಳಿಸದು. 113ರ ಸ್ವರ, ಅಂದರೆ ಗಂಡಸಿನ ತಗ್ಗಿನ ಕಂಠ, ಅತಿಯಾಗಿ ಕೇಳಿಸುತ್ತದೆ. ಡಗ್ಗಾದ ಆಳ ಸಾಲದೆಂದು ಏರಿಸಿ, ಕಂಠ ಹೆಚ್ಚಾಯಿತೆಂದು ಇಳಿಸಿದರೆ ಸಭಾಗೃಹದಲ್ಲಿ ಡಗ್ಗಾ ಅಬ್ಬರಿಸಿ ಕಂಠ ಸೊರಗುತ್ತದೆ. ಚೌಕಾಕಾರದ ಕೋಣೆಯಲ್ಲಿ ಉದ್ದ ಮತ್ತು ಅಗಲಗಳ ದೋಷ ಒಂದೇ ಸ್ವರದ ಮೇಲೆ ಬೀಳುವುದರಿಂದ ತೊಂದರೆ ಇಮ್ಮಡಿ.

ಅಳೆದು ತಿದ್ದುವ ವಿಧಾನ

ಇದಕ್ಕೆ ಪರಿಹಾರವಾಗಿ ಬಂದವು ಡಿಜಿಟಲ್ ಮಾನಿಟರ್ ಸ್ಪೀಕರ್‌ಗಳು. ಕುಳಿತುಕೊಳ್ಳುವ ಜಾಗದಲ್ಲಿ ಕಿವಿಯ ಎತ್ತರಕ್ಕೆ ಅಳತೆಯ ಮೈಕ್ ಇಟ್ಟರೆ, ಸ್ಪೀಕರ್ ತಗ್ಗಿನಿಂದ ಮೇಲಕ್ಕೆ ಏರುವ ಧ್ವನಿಯೊಂದನ್ನು ಹೊರಡಿಸುತ್ತದೆ. ಯಾವ ಸ್ವರ ಉಬ್ಬಿದೆಯೆಂದು ಕಂಪ್ಯೂಟರ್ ಲೆಕ್ಕಹಾಕಿದ ಬಳಿಕ ಸ್ಪೀಕರಿನೊಳಗಿನ ವ್ಯವಸ್ಥೆ ಅದನ್ನು ತಗ್ಗಿಸುತ್ತದೆ. 1978ರಲ್ಲಿ ಸ್ಥಾಪನೆಯಾದ ಫಿನ್ಲೆಂಡಿನ ಜೆನೆಲೆಕ್ ಕಂಪೆನಿ 2006ರಲ್ಲಿ ಇಂಥ ವ್ಯವಸ್ಥೆಯನ್ನು ಹೊರತಂದಿತು. ಸಾಮಾನ್ಯ ಸ್ಪೀಕರ್ ಉಳ್ಳವರಿಗೆ ಲಾಟ್ವಿಯಾದ ಸೋನಾರ್‌ವರ್ಕ್ಸ್‌ನಂಥ ಕಂಪೆನಿಗಳ ಸಾಫ್ಟ್‌ವೇರ್ ಕೂಡ ಲಭ್ಯವಿದೆ.

ಯಂತ್ರಕ್ಕೂ ಮಿತಿಯಿದೆ

ಉಬ್ಬಿದ್ದನ್ನು ಇಳಿಸಬಹುದು, ಅಡಗಿದ ಸ್ವರವನ್ನು ಎಷ್ಟು ಏರಿಸಿದರೂ ಗೋಡೆ ಅದನ್ನು ಮತ್ತೆ ನುಂಗುತ್ತದೆ. ಕೋಣೆಯ ಪ್ರತಿಧ್ವನಿ ಉಳಿಯುತ್ತದೆ, ಲೋಕಲ್ ರೈಲಿನ ಸದ್ದೂ ನಿಲ್ಲದು. ಆದ್ದರಿಂದ ಹಣ ಸುರಿಯುವ ಮೊದಲು ಕುರ್ಚಿಯನ್ನು ನಡುವಿನಿಂದ ಸರಿಸಬೇಕು. ಎದುರಿನ ಗೋಡೆಯಿಂದ ಕೋಣೆಯ ಉದ್ದದ ಶೇ. 38ರಷ್ಟು ದೂರ, ಅಂದರೆ 10 ಅಡಿಯಲ್ಲಿ ಸುಮಾರು 4 ಅಡಿ, ರೂಢಿಯ ಲೆಕ್ಕ. ಎರಡು ಸ್ಪೀಕರ್ ಮತ್ತು ಕೇಳುಗ ಸಮಬಾಹು ತ್ರಿಕೋನದಲ್ಲಿರಬೇಕು. ದಪ್ಪ ಹಾಸಿಗೆ, ಬಟ್ಟೆ ತುಂಬಿದ ತೆರೆದ ಕಪಾಟು ಪ್ರತಿಧ್ವನಿಯನ್ನು ತಗ್ಗಿಸುತ್ತವೆ. ನೆರೆಯವರ ನೆಮ್ಮದಿಯೂ ಮುಖ್ಯ. 2000ದ ಶಬ್ದಮಾಲಿನ್ಯ ನಿಯಮದಂತೆ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 10ರ ಬಳಿಕ 45 ಡೆಸಿಬಲ್.

ಒಂದೊಂದು ಮನೆಗೆ ಇದು ದುಬಾರಿ. ಆದರೆ ಸಂಘದ ಕಚೇರಿಯ ಒಂದು ಕೋಣೆಯನ್ನು ಅಳೆದು ಸಿದ್ಧಪಡಿಸಿದರೆ ಭಜನಾ ಮಂಡಳಿ, ಮಹಿಳಾ ವಿಭಾಗ, ಯುವ ವಿಭಾಗಗಳೆಲ್ಲ ಸರದಿಯಂತೆ ಬಳಸಬಹುದು. ಊರಿನಿಂದ ಹಾಡು ಹೊತ್ತು ತಂದ ಹಿರಿಯ ಭಾಗವತರು, ಸೋಬಾನೆ ಬಲ್ಲ ಅಜ್ಜಿಯಂದಿರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅವರ ಕಂಠವನ್ನು ಮುದ್ರಿಸಿಟ್ಟರೆ ಸಾಲದು, ಮೊಮ್ಮಕ್ಕಳಿಗೆ ಪ್ರತಿ ಶಬ್ದವೂ ಸ್ಪಷ್ಟವಾಗಿ ಕೇಳುವಂತೆ ಉಳಿಸಬೇಕು. ಸಂಘಗಳ ಮುಂದಿನ ಕಾರ್ಯಕಾರಿ ಸಭೆಗಳಲ್ಲಿ ಈ ವಿಷಯ ಚರ್ಚೆಗೆ ಬರುವುದು ಒಳಿತು.