ಹಿಂಡಿ ಏರಿಸಿದರೂ ಹಾಲು ಯಾಕೆ ಏರಲ್ಲ?

ಹಾಲು ಸ್ವಲ್ಪ ಇಳಿದರೆ ಸಾಕು, ನಮ್ಮಲ್ಲಿ ಬಹಳ ಜನ ಮೊದಲು ಮಾಡೋದು ಶೇಂಗಾ ಹಿಂಡಿ ಏರಿಸೋ ಕೆಲಸ. ಕೆಲವು ಹಸುಗಳಿಗೆ ಅದು ನಿಜಕ್ಕೂ ಬೇಕಿರುತ್ತೆ. ಆದರೆ ನಾನು ನೋಡಿದ ಎಷ್ಟೋ ಕೊಟ್ಟಿಗೆಗಳಲ್ಲಿ ಹಿಂಡಿಗೆ ಹಾಕಿದ ದುಡ್ಡು ಗಂಜಲದಲ್ಲಿ ಹರಿದು ಹೋಗ್ತಿರುತ್ತೆ.

ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಸರ. ಶೇಂಗಾ ಹಿಂಡಿಯಲ್ಲಿ ಇದು ಶೇ. 40ರ ಆಸುಪಾಸು. ಹಸು ತಿಂದ ಹಿಂಡಿ ಮೊದಲು ದೊಡ್ಡ ಹೊಟ್ಟೆಗೆ, ಅಂದರೆ ರೂಮೆನ್‌ಗೆ ಹೋಗುತ್ತೆ. ಅಲ್ಲಿನ ಸೂಕ್ಷ್ಮಜೀವಿಗಳು ಸರ ಹರಿದು, ಬಹುಪಾಲು ಮಣಿಗಳನ್ನೂ ಒಡೆದು ಅಮೋನಿಯಾ ಮಾಡ್ತವೆ. ಅದರಿಂದಲೇ ತಮ್ಮ ಮೈ ಕಟ್ಟಿಕೊಳ್ತವೆ. ಮುಂದೆ ಆ ಜೀವಿಗಳೇ ಕರುಳಲ್ಲಿ ಜೀರ್ಣವಾಗಿ ಹಸುವಿಗೆ ಅಮೈನೋ ಆಮ್ಲ ಕೊಡ್ತವೆ. ಅಂದರೆ ನೀವು ಹಿಂಡಿ ಹಾಕೋದು ಹಸುವಿಗಿಂತ ಮೊದಲು ಈ ಜೀವಿಗಳಿಗೆ!

ಮೈ ಕಟ್ಟೋಕೆ ಅವಕ್ಕೆ ಶಕ್ತಿಯೂ ಬೇಕು. ಅದು ಸಿಗೋದು ಮೆಕ್ಕೆಜೋಳದ ನುಚ್ಚು, ಒಳ್ಳೆ ಹಸಿ ಜೋಳದ ಮೇವಿನಿಂದ. ಬರೀ ಒಣಹುಲ್ಲು ಕೊಟ್ಟು ಹಿಂಡಿ ಸುರಿದರೆ ಅಮೋನಿಯಾ ಬಳಕೆಯಾಗದೆ ಉಳಿದು ರಕ್ತ ಸೇರುತ್ತೆ. ಲಿವರ್ ಅದನ್ನು ಯೂರಿಯಾ ಮಾಡಿ ಗಂಜಲಕ್ಕೆ ಕಳಿಸುತ್ತೆ, ಸ್ವಲ್ಪ ಹಾಲಿಗೂ ಬರುತ್ತೆ. ಈ ಕೆಲಸಕ್ಕೆ ಖರ್ಚಾಗೋದೂ ಹಸುವಿನ ಶಕ್ತಿಯೇ. ಕರುಳಿಂದ ಬಂದ ಅಮೈನೋ ಆಮ್ಲ ಹೆಚ್ಚಾದರೂ ಇದೇ ಕಥೆ. ಕೊಬ್ಬಿನ ಹಾಗೆ ಅದನ್ನು ಕೂಡಿಡೋ ಜಾಗ ಮೈಯಲ್ಲಿಲ್ಲ.

ಹೆಚ್ಚು ಹಾಲು ಕೊಡೋ ಹಸುವಿಗೆ ಇನ್ನೊಂದು ತೊಡಕಿದೆ. ಲೈಸಿನ್, ಮೆಥಿಯೋನಿನ್ ಅನ್ನೋ ಮಣಿಗಳು ಶೇಂಗಾ ಹಿಂಡಿಯಲ್ಲಿ ಕಡಿಮೆ. ಒಂದು ಬಗೆ ಮುಗಿದರೆ ಸರ ಅಲ್ಲಿಗೇ ನಿಲ್ಲುತ್ತೆ, ಮಿಕ್ಕ ಮಣಿ ಎಷ್ಟಿದ್ದರೂ ಅಷ್ಟೇ. ಅಂಥ ಹಸುವಿಗೆ ರೂಮೆನ್ ದಾಟಿ ಹೋಗೋ ಬೈಪಾಸ್ ಪ್ರೋಟೀನ್ ಆಹಾರ ಒಳ್ಳೇದು. ದಿನಕ್ಕೆ ಐದಾರು ಲೀಟರ್ ಕೊಡೋ ಹಸುವಿಗೆ ಅದರ ಖರ್ಚು ದಂಡ.

ಅನುಮಾನವಿದ್ದರೆ ಹಾಲಿನ ಯೂರಿಯಾ ಪರೀಕ್ಷೆ ಮಾಡಿಸಿ. 100 ಮಿ.ಲೀ. ಹಾಲಲ್ಲಿ ಯೂರಿಯಾ ನೈಟ್ರೋಜನ್ ಸಾಮಾನ್ಯವಾಗಿ 10ರಿಂದ 16 ಮಿ.ಗ್ರಾಂ. ಇರುತ್ತೆ. 20 ದಾಟಿದರೆ ಹಿಂಡಿ ಹೆಚ್ಚಾಗಿದೆ, ಇಲ್ಲವೇ ನುಚ್ಚು ಸಾಲದು. ಹಸು ಗಬ್ಬ ನಿಲ್ಲೋದೂ ಕಷ್ಟ ಆಗಬಹುದು. ರಿಪೋರ್ಟಿನಲ್ಲಿ ಬರೀ 'ಯೂರಿಯಾ' ಅಂತಿದ್ದರೆ ಆ ಅಂಕಿಯನ್ನು 2.14ರಿಂದ ಭಾಗಿಸಿ ನೋಡಿ.

ಹಿಂಡಿ ಇಳಿಸಿ ನುಚ್ಚು ಏರಿಸೋದಾದರೆ ಹತ್ತು ದಿನ ತಗೊಂಡು, ಸ್ವಲ್ಪ ಸ್ವಲ್ಪವೇ ಬದಲಿಸಿ. ಒಂದೇ ಸಲ ನುಚ್ಚು ಜಾಸ್ತಿ ಕೊಟ್ಟರೆ ಹೊಟ್ಟೆ ಹುಳಿಯಾಗಿ ಹಸು ಮೇವು ಬಿಡುತ್ತೆ.